ಕುರಿಯ ಹೊಟ್ಟೆಗೂ ಹೆಪ್ಪು ಬೇಕು

ಬೋಟಿ ತೊಳೆದು ಗೊತ್ತಿದ್ದವರಿಗೆ ಈ ಲೇಖನದ ಅರ್ಧ ವಿಷಯ ಆಗಲೇ ಗೊತ್ತು. ಭಾನುವಾರ ಬೆಳಿಗ್ಗೆ ಮಟನ್ ಅಂಗಡಿಯಿಂದ ತಂದ ಬೋಟಿಯನ್ನು ಬಿಸಿನೀರಿಗೆ ಹಾಕಿ ಕೆರೆಯುವಾಗ ಕೈಗೆ ಮೂರು ನಮೂನೆಯ ತುಂಡು ಸಿಗುತ್ತವೆ. ಒಂದು ಟರ್ಕಿ ಟವೆಲ್ ಥರ, ಮೈತುಂಬ ಸಣ್ಣ ಸಣ್ಣ ನಾಲಿಗೆಗಳು. ಇನ್ನೊಂದು ಜೇನುಗೂಡಿನ ಹಾಗೆ. ಮತ್ತೊಂದು ಪುಸ್ತಕದ ಹಾಳೆಗಳ ಹಾಗೆ ಮಡಿಕೆ ಮಡಿಕೆ. ನಮ್ಮಜ್ಜಿಗೆ ಟವೆಲ್ ತುಂಡೇ ಇಷ್ಟ. ಅದು ಯಾಕೆ ಟವೆಲ್ ಥರ ಇದೆ ಅಂತ ಮನೆಯಲ್ಲಿ ಯಾರೂ ಕೇಳಲಿಲ್ಲ. ತಟ್ಟೆಯಲ್ಲಿ ಬೋಟಿ ಗೊಜ್ಜು, ಪಕ್ಕದಲ್ಲಿ ಅಕ್ಕಿ ರೊಟ್ಟಿ ಇರುವಾಗ ಯಾರು ಕೇಳುತ್ತಾರೆ, ಅಲ್ವಾ?

ನನಗೆ ಆ ಪ್ರಶ್ನೆ ಬಂದದ್ದು ಹಲಸಿನ ಹಣ್ಣಿನಿಂದ.

ಕೊಡಗು ಕುರಿಯ ಸೀಮೆ ಅಲ್ಲ. ಇಲ್ಲಿ ಹಂದಿ, ಕೋಳಿ, ದನ, ಒಂದಷ್ಟು ಆಡು. ಭಾಗಮಂಡಲದ ಮಳೆಗೆ ಕುರಿ ಬಿಟ್ಟರೆ ಉಣ್ಣೆ ಒಣಗುವುದೇ ಇಲ್ಲ, ಗೊರಸು ಕೊಳೆಯುತ್ತದೆ. ಆದರೆ ಶನಿವಾರಸಂತೆ, ಕುಶಾಲನಗರದ ಕಡೆ ಇಳಿದರೆ ಮಳೆಯೂ ಇಳಿಯುತ್ತದೆ. ಆಚೆ ಅರಕಲಗೂಡು, ಪಿರಿಯಾಪಟ್ಟಣದ ಬಯಲು ಶುರು. ನಮ್ಮ ತೋಟ ಈ ಅಂಚಿನಲ್ಲಿದೆ. ಕಾಫಿಗೆ ಕುರಿ ಗೊಬ್ಬರ ಕೊಂಡು ಕೊಂಡು ಸಾಕಾಗಿ, ಕುರಿಯನ್ನೇ ತಂದರೆ ಹೇಗೆ ಅಂತ ಮಳವಳ್ಳಿ ಕಡೆಯಿಂದ ಹನ್ನೆರಡು ಬಂಡೂರು ಕುರಿ ತಂದೆವು. ಗಿಡ್ಡ ಕಾಲು, ಪೀಪಾಯಿ ಮೈ, ಸಾಧು ಪ್ರಾಣಿಗಳು.

ಮೊದಲನೇ ಮಳೆಗಾಲದಲ್ಲೇ ಪಾಠ ಆಯಿತು. ತೋಟದ ಮೂಲೆಯ ಹಲಸಿನ ಮರದಿಂದ ರಾತ್ರಿ ಗಾಳಿಗೆ ಏಳೆಂಟು ಹಣ್ಣು ಬಿದ್ದು ಒಡೆದಿದ್ದವು. ಕುರಿಗಳಿಗೆ ನಮಗಿಂತ ಮೊದಲೇ ವಾಸನೆ ಸಿಕ್ಕಿತು. ಸಂಜೆ ಹೊತ್ತಿಗೆ ಎರಡು ಕುರಿ ಮಂಕಾಗಿ ಒಂದು ಕಡೆ ನಿಂತವು. ಮೆಲುಕು ಇಲ್ಲ. ಹಲ್ಲು ಕಡಿಯುತ್ತಿದ್ದವು. ಎಡಗಡೆ ಹೊಟ್ಟೆ ಒತ್ತಿದರೆ ನೀರು ತುಂಬಿದ ಚೀಲದ ಹಾಗೆ ಕುಲುಕಾಟ. ಬಾಯಿಂದ ಹುಳಿ ವಾಸನೆ. ಮಾರನೇ ದಿನ ನೀರು ನೀರಾಗಿ ಭೇದಿ.

ಪಶು ವೈದ್ಯರು ಬರುವಷ್ಟರಲ್ಲಿ ಒಂದು ಸತ್ತಿತ್ತು. ಇನ್ನೊಂದಕ್ಕೆ ಅಡುಗೆ ಸೋಡಾ ಕಲಸಿದ ನೀರು ಕುಡಿಸಿದರು, ಡ್ರಿಪ್ ಹಾಕಿದರು. ಆಮೇಲೆ ಕೇಳಿದ ಪ್ರಶ್ನೆಗೆ ನಾನು ಬೆಪ್ಪಾದೆ. “ಇಲ್ಲಿ ಹತ್ತಿರ ಮಟನ್ ಅಂಗಡಿ ಎಲ್ಲಿದೆ ಸಾರ್?” ಆಗಷ್ಟೇ ಕೊಯ್ದ ಕುರಿಯ ಹೊಟ್ಟೆಯೊಳಗಿನ ಹಸಿರು ಗಸಿಯನ್ನು ಫ್ಲಾಸ್ಕಿನಲ್ಲಿ ತರಿಸಿ, ಬಟ್ಟೆಯಲ್ಲಿ ಸೋಸಿ, ಬಿಸಿ ಆರುವ ಮೊದಲೇ ಕೊಳವೆಯಲ್ಲಿ ನಮ್ಮ ಕುರಿಯ ಹೊಟ್ಟೆಗೆ ಇಳಿಸಿದರು. ಇದೆಂಥ ಮದ್ದು ಡಾಕ್ಟ್ರೇ ಅಂದೆ. “ಮದ್ದಲ್ಲ, ಹೆಪ್ಪು” ಅಂದರು.

ಆ ಒಂದು ಮಾತಿನ ಹಿಂದೆ ಹೋದದ್ದರ ಫಲ ಈ ಲೇಖನ.

ಮೊದಲು ಒಂದು ಸರಳ ಸಂಗತಿ. ಕುರಿಗೆ ಹುಲ್ಲು ಜೀರ್ಣ ಆಗುವುದಿಲ್ಲ. ನಿಜವಾಗಿಯೂ ಆಗುವುದಿಲ್ಲ. ಹುಲ್ಲಿನ ನಾರು ಅಂದರೆ ಮುಖ್ಯವಾಗಿ ಸೆಲ್ಯುಲೋಸ್. ಅದು ಕೂಡ ಸಕ್ಕರೆಯ ಕಣಗಳನ್ನೇ ಪೋಣಿಸಿದ ಸರ. ಆದರೆ ಅದರ ಗಂಟು ಬಿಚ್ಚುವ ಕಿಣ್ವ ನಮ್ಮ ದೇಹದಲ್ಲೂ ಇಲ್ಲ, ಹಂದಿಯಲ್ಲೂ ಇಲ್ಲ, ಕುರಿಯಲ್ಲೂ ಇಲ್ಲ, ಆನೆಯಲ್ಲೂ ಇಲ್ಲ. ಅದನ್ನು ಬಲ್ಲವು ಕೆಲವು ಸೂಕ್ಷ್ಮಜೀವಿಗಳು. ಕುರಿ ಮಾಡಿರುವ ಜಾಣತನ ಏನೆಂದರೆ, ಆ ಜೀವಿಗಳಿಗೆ ಹೊಟ್ಟೆಯಲ್ಲೇ ಮನೆ ಕಟ್ಟಿಕೊಟ್ಟಿದೆ.

ಆ ಮನೆಯೇ ಟವೆಲ್ ತುಂಡು. ವೈದ್ಯರ ಭಾಷೆಯಲ್ಲಿ ರೂಮೆನ್. ಕುರಿಯ ಹೊಟ್ಟೆಗೆ ನಾಲ್ಕು ಕೋಣೆ. ಅದರಲ್ಲಿ ಮೊದಲನೆಯದೂ ದೊಡ್ಡದೂ ಇದೇ. ಜೇನುಗೂಡಿನದು ಎರಡನೆಯದು, ಪುಸ್ತಕದ್ದು ಮೂರನೆಯದು. ನಾಲ್ಕನೆಯದು ಮಾತ್ರ ನಮ್ಮ ಹೊಟ್ಟೆಯಂಥ ಹೊಟ್ಟೆ, ಆಮ್ಲ ಸುರಿಸುವಂಥದ್ದು. ದೊಡ್ಡ ತಳಿಯ ಕುರಿಯ ರೂಮೆನ್ ಹತ್ತು ಲೀಟರಿಗೂ ಮಿಕ್ಕಿ ಹಿಡಿಯುತ್ತದೆ. ಬಂಡೂರಿನಂಥ ಗಿಡ್ಡ ಕುರಿಯಲ್ಲಿ ಅದಕ್ಕಿಂತ ಕಡಿಮೆ. ಆದರೂ ಹೊಟ್ಟೆಯ ಎಡಭಾಗ ಹೆಚ್ಚುಕಡಿಮೆ ಪೂರ್ತಿ ಇದರದ್ದೇ.

ನಮ್ಮ ಕಾಫಿಯವರಿಗೆ ಇದನ್ನು ಹೇಳುವುದು ಸುಲಭ. ಪಲ್ಪರ್ ಯಂತ್ರಕ್ಕೆ ಹಾಕಿ ಹಣ್ಣಿನ ಸಿಪ್ಪೆ ತೆಗೆದ ಮೇಲೆ ಬೀಜವನ್ನು ತೊಟ್ಟಿಗೆ ಬಿಡುತ್ತೇವಲ್ಲ? ಬೀಜಕ್ಕೆ ಅಂಟಿದ ಲೋಳೆಯನ್ನು ನಾವು ಕೈಯಲ್ಲಿ ತೆಗೆಯುವುದಿಲ್ಲ. ತೊಟ್ಟಿಯಲ್ಲಿ ಹುಳಿ ಬರಲು ಬಿಡುತ್ತೇವೆ. ಒಂದು, ಒಂದೂವರೆ ದಿನದಲ್ಲಿ ಕಣ್ಣಿಗೆ ಕಾಣದ ಜೀವಿಗಳು ಲೋಳೆಯನ್ನು ತಿಂದು ಸಡಿಲ ಮಾಡುತ್ತವೆ. ಚಳಿ ಜಾಸ್ತಿಯಾದರೆ ತಡ, ಸೆಕೆಯಾದರೆ ಬೇಗ. ರೂಮೆನ್ ಅಂಥದ್ದೇ ಒಂದು ತೊಟ್ಟಿ. ವ್ಯತ್ಯಾಸ ಏನೆಂದರೆ, ಇದು ವರ್ಷವಿಡೀ ನಿಲ್ಲದೆ ನಡೆಯುತ್ತದೆ. ಬಿಸಿ ಯಾವಾಗಲೂ 39 ಡಿಗ್ರಿ ಆಸುಪಾಸು. ಗಾಳಿ ಅಂದರೆ ಆಮ್ಲಜನಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನಿಮಿಷಕ್ಕೆ ಒಂದೆರಡು ಸಲ ತೊಟ್ಟಿಯ ಗೋಡೆಯೇ ಹಿಂಡಿಕೊಂಡು ಒಳಗಿನದನ್ನು ಕಲಕುತ್ತದೆ. ಒಣಹುಲ್ಲಾದರೆ ಒಂದೆರಡು ದಿನ ಅಲ್ಲೇ ಕೂರುತ್ತದೆ.

ಮೆಲುಕು ಹಾಕುವುದೂ ಈ ತೊಟ್ಟಿಯ ಕೆಲಸವೇ. ಕುರಿ ಮೊದಲು ಅವಸರದಲ್ಲಿ ನುಂಗುತ್ತದೆ. ಆಮೇಲೆ ಮಲಗಿ, ಉಂಡೆ ಉಂಡೆಯಾಗಿ ಬಾಯಿಗೆ ತಂದು ಅರೆಯುತ್ತದೆ. ದಿನಕ್ಕೆ ಎಂಟು ಗಂಟೆ ಇದೇ ಉದ್ಯೋಗ. ಅರೆದಷ್ಟೂ ಹುಲ್ಲಿನ ಮೈ ಬಿಚ್ಚಿಕೊಳ್ಳುತ್ತದೆ, ಜೀವಿಗಳಿಗೆ ಹತ್ತಿ ಕೂರಲು ಜಾಗ ಸಿಗುತ್ತದೆ. ಇನ್ನೊಂದು ಲಾಭ ಎಂಜಲು. ಬೆಳೆದ ಕುರಿ ದಿನಕ್ಕೆ 6ರಿಂದ 16 ಲೀಟರ್ ಎಂಜಲು ನುಂಗುತ್ತದೆ. ಅದರ ತುಂಬ ಸೋಡಾ, ಡಾಕ್ಟ್ರು ಕುಡಿಸಿದರಲ್ಲ, ಅದೇ ಬೈಕಾರ್ಬನೇಟ್. ತೊಟ್ಟಿಯಲ್ಲಿ ಹುಟ್ಟುವ ಹುಳಿಯನ್ನು ಅದು ಆಗಿಂದಾಗ ಮುರಿಯುತ್ತದೆ. ಈ ಎಂಜಲಿನ ಮಾತು ನೆನಪಿಡಿ. ಹಲಸಿನ ಕತೆಗೆ ಬೇಕಾಗುತ್ತದೆ.

ಇನ್ನು ಒಳಗೆ ಯಾರಿದ್ದಾರೆ ಅಂತ ನೋಡೋಣ.

ಜಾಸ್ತಿ ಇರುವುದು ಬ್ಯಾಕ್ಟೀರಿಯಾ. ಒಂದು ಮಿಲಿಲೀಟರ್ ರಸದಲ್ಲಿ ಸಾವಿರ ಕೋಟಿ ಅಥವಾ ಅದಕ್ಕೂ ಮಿಕ್ಕಿ. ಅಂದರೆ ಒಂದು ಟೀ ಚಮಚದಲ್ಲಿ ಭೂಮಿ ಮೇಲಿನ ಜನರಿಗಿಂತ ಹೆಚ್ಚು. ಎಲ್ಲರದೂ ಒಂದೇ ಕೆಲಸ ಅಲ್ಲ. ಫೈಬ್ರೋಬ್ಯಾಕ್ಟರ್, ರುಮಿನೊಕಾಕಸ್ ಎಂಬ ಗುಂಪಿನವು ನಾರು ಕತ್ತರಿಸುವವು. ಕೆಲವು ಪಿಷ್ಟದ ಮೇಲೆ, ಕೆಲವು ಸಕ್ಕರೆಯ ಮೇಲೆ, ಕೆಲವು ಬೇರೆಯವು ಬಿಟ್ಟ ಕಸದ ಮೇಲೆ ಬದುಕುತ್ತವೆ.

ಎರಡನೆಯದು ಪ್ರೊಟೊಜೋವಾ, ಒಂದೇ ಕೋಶದ ಜೀವಿಗಳು. ಸಂಖ್ಯೆ ಕಡಿಮೆ, ಮೈ ದೊಡ್ಡದು. 1843ರಲ್ಲೇ ಗ್ರುಬಿ ಮತ್ತು ಡೆಲಾಫಾಂಡ್ ಎಂಬಿಬ್ಬರು ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಇವು ಈಜಾಡುವುದನ್ನು ನೋಡಿದ್ದರು. ಇವು ಬ್ಯಾಕ್ಟೀರಿಯಾವನ್ನೇ ಹಿಡಿದು ತಿನ್ನುತ್ತವೆ. ಹೊಟ್ಟೆಯೊಳಗಿನ ಈ ಸೂಕ್ಷ್ಮಜೀವಿಗಳ ಊರಿಗೆ ಇವುಗಳಿಂದ ಉಪಕಾರವೋ ಉಪದ್ರವೋ ಎಂಬ ಜಗಳ ಮುಗಿದಿಲ್ಲ. ಇವುಗಳನ್ನು ಪೂರ್ತಿ ತೆಗೆದರೂ ಕುರಿ ಬದುಕುತ್ತದೆ. ಆದರೆ ಇವು ಪಿಷ್ಟವನ್ನು ನುಂಗಿ ತಮ್ಮೊಳಗೆ ಇಟ್ಟುಕೊಳ್ಳುವುದರಿಂದ ಹುಳಿ ಏರುವ ವೇಗ ತಗ್ಗುತ್ತದೆ.

ಮೂರನೆಯದು ಬೂಷ್ಟಿನ ಜಾತಿ, ಶಿಲೀಂಧ್ರ. ಇದರ ಕತೆ ಚೆನ್ನಾಗಿದೆ. ಗಾಳಿ ಇಲ್ಲದ ಕಡೆ ಶಿಲೀಂಧ್ರ ಬದುಕಲಾರದು ಎಂದೇ ಎಲ್ಲರೂ ನಂಬಿದ್ದರು. ಕುರಿಯ ರೂಮೆನ್ನಿನಲ್ಲಿ ಬಾಲ ಬಡಿಯುತ್ತ ಓಡಾಡುವ ಸಣ್ಣ ಜೀವಿಗಳು ಕಂಡಾಗ ಅವೂ ಪ್ರೊಟೊಜೋವಾ ಎಂದುಕೊಂಡರು. 1975ರಲ್ಲಿ ಇಂಗ್ಲೆಂಡಿನ ಕಾಲಿನ್ ಆರ್ಪಿನ್ ಅವು ಶಿಲೀಂಧ್ರದ ಈಜುವ ಬೀಜಕಣಗಳು ಎಂದು ತೋರಿಸಿದರು. ಆ ಬೀಜಕಣ ಹುಲ್ಲಿನ ಕಡ್ಡಿಗೆ ಅಂಟಿ, ಮೊಳಕೆಯೊಡೆದು, ಬೇರಿನಂಥ ಎಳೆಗಳನ್ನು ಕಡ್ಡಿಯೊಳಗೆ ಇಳಿಸುತ್ತದೆ. ಬಂಡೆಯ ಬಿರುಕಿನಲ್ಲಿ ಅತ್ತಿಮರ ಬೇರು ಬಿಟ್ಟು ಬಂಡೆಯನ್ನೇ ಸೀಳುವುದು ನೋಡಿದ್ದೀರಲ್ಲ, ಹಾಗೆ. ಬಲಿತ ಹುಲ್ಲಿಗೆ ಬ್ಯಾಕ್ಟೀರಿಯಾ ನುಗ್ಗಲು ದಾರಿ ಮಾಡಿಕೊಡುವುದು ಇವೇ.

ನಾಲ್ಕನೆಯದು ಆರ್ಕಿಯಾ, ಬ್ಯಾಕ್ಟೀರಿಯಾ ಥರ ಕಂಡರೂ ಬೇರೆಯೇ ಕುಲ. ಮೀಥೇನ್ ಮಾಡುವವು. ಇವುಗಳ ವಿಚಾರ ಆಮೇಲೆ.

ಸರಿ, ಇಷ್ಟೆಲ್ಲ ಜನ ಸೇರಿ ಹುಲ್ಲು ತಿಂದರೆ ಕುರಿಗೆ ಏನು ಉಳಿಯಿತು? ಅವು ತಿಂದು ಬಿಟ್ಟದ್ದು. ಆಮ್ಲಜನಕ ಇಲ್ಲದ ಈ ತೊಟ್ಟಿಯಲ್ಲಿ ಯಾವ ಜೀವಿಯೂ ಸಕ್ಕರೆಯನ್ನು ಪೂರ್ತಿ ಉರಿಸಲಾರದು. ಅರ್ಧಕ್ಕೇ ಬಿಡುತ್ತದೆ. ಆ ಅರ್ಧ ಉರಿದ ಕೊಳ್ಳಿಗಳೇ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಎಂಬ ಮೂರು ಆಮ್ಲಗಳು. ಅಸಿಟಿಕ್ ಆಮ್ಲ ನಿಮಗೆ ಗೊತ್ತಿರುವುದೇ, ಗೋಬಿ ಮಂಚೂರಿಗೆ ಹಾಕುವ ವಿನೆಗರ್. ಹುಲ್ಲು ತಿನ್ನುವ ಕುರಿಯಲ್ಲಿ ಈ ಮೂರರ ಪೈಕಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು ಅದೇ ಇರುತ್ತದೆ. ಕುರಿಗೆ ಸಿಗುವ ಶಕ್ತಿಯಲ್ಲಿ ಸುಮಾರು 70 ಶೇಕಡಾ ಬರುವುದು ಈ ಮೂರು ಹುಳಿಗಳಿಂದ. ನಾವು ಅನ್ನದ ಸಕ್ಕರೆಯ ಮೇಲೆ ಓಡಿದರೆ ಕುರಿ ವಿನೆಗರ್ ಮೇಲೆ ಓಡುತ್ತದೆ.

ಟವೆಲ್ಲಿನ ಗುಟ್ಟು ಈಗ ಬಿಡಿಸಬಹುದು. ಆ ಸಣ್ಣ ನಾಲಿಗೆಗಳ ಮೂಲಕವೇ ಈ ಆಮ್ಲಗಳು ರಕ್ತಕ್ಕೆ ಸೇರುವುದು. ಬರೀ ನುಣ್ಣಗಿನ ಗೋಡೆ ಇದ್ದರೆ ಹೀರುವ ಜಾಗ ಸಾಲದು. ಹಾಗಾಗಿ ಗೋಡೆ ಮಡಚಿಕೊಂಡು, ನಾಲಿಗೆ ಚಾಚಿಕೊಂಡು ಜಾಗ ಹೆಚ್ಚಿಸಿಕೊಂಡಿದೆ. ಚೆನ್ನಾಗಿ ಮೇದ ಕುರಿಯಲ್ಲಿ ಈ ನಾಲಿಗೆ ಉದ್ದ, ಸೊರಗಿದ ಕುರಿಯಲ್ಲಿ ಗಿಡ್ಡ. ಬೆಳೆಯಲು ಪ್ರಚೋದನೆ ಕೊಡುವುದರಲ್ಲಿ ಬ್ಯುಟಿರಿಕ್ ಆಮ್ಲದ ಪಾಲು ದೊಡ್ಡದು. ಪ್ರೊಪಿಯಾನಿಕ್ ಆಮ್ಲವಂತೂ ಯಕೃತ್ತಿಗೆ ಹೋಗಿ ಗ್ಲೂಕೋಸ್ ಆಗುತ್ತದೆ. ತಿಂದ ಸಕ್ಕರೆಯನ್ನೆಲ್ಲ ಒಳಗಿನವರು ಮೊದಲೇ ಮುಗಿಸುವುದರಿಂದ ಕುರಿ ತನಗೆ ಬೇಕಾದ ಗ್ಲೂಕೋಸನ್ನು ಬಹುಪಾಲು ಹೀಗೆ ಸ್ವಂತವಾಗಿ ಮಾಡಿಕೊಳ್ಳಬೇಕು. ಅವಳಿ ಮರಿ ಹೊತ್ತ ಕುರಿ ಕೊನೆಯ ತಿಂಗಳಲ್ಲಿ ಸರಿಯಾಗಿ ಮೇಯದೆ ಕುಸಿದು ಬೀಳುವುದು ಈ ಲೆಕ್ಕ ತಪ್ಪುವುದರಿಂದಲೇ.

ಈಗ ಹಲಸಿನ ಹಣ್ಣಿಗೆ ಬರೋಣ.

ಹುಲ್ಲಿನ ನಾರು ನಿಧಾನಕ್ಕೆ ಕರಗುತ್ತದೆ. ಹುಳಿ ನಿಧಾನಕ್ಕೆ ಹುಟ್ಟುತ್ತದೆ. ಹುಟ್ಟಿದಷ್ಟನ್ನು ಗೋಡೆ ಹೀರುತ್ತದೆ, ಉಳಿದದ್ದನ್ನು ಎಂಜಲಿನ ಸೋಡಾ ಮುರಿಯುತ್ತದೆ. ಲೆಕ್ಕ ಸರಿಹೋಗುತ್ತದೆ. ತೊಟ್ಟಿಯ ಪಿಎಚ್ 6ರಿಂದ 7ರ ನಡುವೆ ನಿಲ್ಲುತ್ತದೆ. ಪಿಎಚ್ ಅಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಹಲಸಿನ ತೊಳೆಯಲ್ಲಿ ಇರುವುದು ಬರೀ ಸಕ್ಕರೆ. ಅಗಿಯಲು ಏನಿಲ್ಲ, ಆದ್ದರಿಂದ ಮೆಲುಕೂ ಇಲ್ಲ, ಎಂಜಲೂ ಇಲ್ಲ. ತೊಟ್ಟಿಯಲ್ಲಿ ಯಾವಾಗಲೂ ಮೂಲೆಯಲ್ಲಿ ಕೂತಿರುವ ಸ್ಟ್ರೆಪ್ಟೊಕಾಕಸ್ ಬೋವಿಸ್ ಎಂಬ ಬ್ಯಾಕ್ಟೀರಿಯಾಕ್ಕೆ ಇದು ಹಬ್ಬ. ಅದು ಅರ್ಧ ಗಂಟೆಯೊಳಗೆ ಎರಡರಷ್ಟಾಗಬಲ್ಲದು. ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತದೆ. ಮೊಸರು ಹುಳಿಯಾಗುವುದು ಇದೇ ಆಮ್ಲದಿಂದ. ಉಳಿದ ಮೂರು ಆಮ್ಲಗಳಿಗಿಂತ ಇದು ತುಂಬ ಗಡುಸು. ಪಿಎಚ್ 6ಕ್ಕಿಂತ ಇಳಿದ ಕೂಡಲೇ ನಾರು ಕತ್ತರಿಸುವವರು ಕೆಲಸ ನಿಲ್ಲಿಸುತ್ತಾರೆ. 5ರ ಹತ್ತಿರ ಬಂದರೆ ಪ್ರೊಟೊಜೋವಾ ಸಾಯುತ್ತವೆ. ಕೊನೆಗೆ ಸ್ಟ್ರೆಪ್ಟೊಕಾಕಸ್‌ಗೇ ತಡೆಯಲಾಗದಷ್ಟು ಹುಳಿಯಾದಾಗ ಅದಕ್ಕಿಂತ ಗಟ್ಟಿಯಾದ ಲ್ಯಾಕ್ಟೋಬ್ಯಾಸಿಲಸ್ ಬಂದು ಕೂರುತ್ತದೆ. ಒಂದು ಹಗಲು ರಾತ್ರಿಯಲ್ಲಿ ಇಡೀ ಊರೇ ಬದಲಾಗಿರುತ್ತದೆ.

ಉಪ್ಪು ಹಾಕಿದ ಮಾವಿನಕಾಯಿ ನೀರು ಬಿಡುವ ಹಾಗೆ, ಇಷ್ಟು ಆಮ್ಲ ತುಂಬಿದ ಹೊಟ್ಟೆ ಮೈಯಿನ ನೀರನ್ನು ತನ್ನೊಳಗೆ ಎಳೆಯುತ್ತದೆ. ಆ ಕುಲುಕಾಟ ಅದೇ ನೀರು. ರಕ್ತ ಗಟ್ಟಿಯಾಗುತ್ತದೆ, ಕಣ್ಣು ಗುಳಿ ಬೀಳುತ್ತದೆ. ಟವೆಲ್ಲಿನ ನಾಲಿಗೆಗಳು ಸುಟ್ಟ ಹಾಗಾಗುತ್ತವೆ. ಬದುಕಿ ಉಳಿದ ಕುರಿಯೂ ಕೆಲವು ಸಲ ತಿಂಗಳುಗಟ್ಟಲೆ ಕುಂಟುತ್ತದೆ, ಗೊರಸಿನ ಒಳಗೆ ಉರಿಯೂತ ಆಗಿರುತ್ತದೆ. ಹಲಸು ಅಂತಲೇ ಅಲ್ಲ. ಮದುವೆ ಮನೆಯ ಉಳಿದ ಅನ್ನ, ಬಾಯಿ ಬಿಚ್ಚಿದ ರಾಗಿ ಮೂಟೆ, ಅಕ್ಕಿ ನುಚ್ಚು, ಎಲ್ಲವೂ ಇದನ್ನೇ ಮಾಡುತ್ತವೆ. ಕುರಿಗೆ ಪಾಪ ಹೊಟ್ಟೆಗಿಲ್ಲ ಅಂತ ಪ್ರೀತಿಯಿಂದ ಬುಟ್ಟಿಗಟ್ಟಲೆ ಅನ್ನ ಸುರಿದು ಕೊಂದವರು ನಮ್ಮ ಸುತ್ತಮುತ್ತ ಇದ್ದಾರೆ.

ಇಂಥ ಕುರಿಗೆ ಸೋಡಾ ಕೊಟ್ಟರೆ ಹುಳಿ ಮುರಿಯುತ್ತದೆ. ಆದರೆ ತೊಟ್ಟಿ ಖಾಲಿ. ಹುಲ್ಲು ಹಾಕಿದರೂ ಕತ್ತರಿಸುವವರಿಲ್ಲ. ಅದಕ್ಕೇ ಹೆಪ್ಪು. ಇನ್ನೊಂದು ಕುರಿಯ ಊರಿನಿಂದ ಜನ ತಂದು ಇಲ್ಲಿ ಬಿಡುವುದು. ನಮ್ಮ ಕುರಿ ಮೂರನೇ ದಿನ ಮೆಲುಕು ಹಾಕಿತು.

ಹಾಗಂತ ಕುರಿಗೆ ಕಾಳು ಕೊಡಲೇಬಾರದು ಅಂತೇನಿಲ್ಲ. ಊರು ಬದಲಾಗಲು ಸಮಯ ಬೇಕು, ಅಷ್ಟೇ. ಎರಡು ಮೂರು ವಾರದಲ್ಲಿ ಸ್ವಲ್ಪ ಸ್ವಲ್ಪ ಏರಿಸಿದರೆ, ಲ್ಯಾಕ್ಟಿಕ್ ಆಮ್ಲವನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾ ಹೆಚ್ಚಿಕೊಳ್ಳುತ್ತದೆ, ನಾಲಿಗೆಗಳೂ ಉದ್ದವಾಗುತ್ತವೆ. ಎಷ್ಟರ ಮಟ್ಟಿಗೆ ಬದಲಾಗಬಹುದು ಅಂದರೆ, ಸ್ಕಾಟ್ಲೆಂಡಿನ ನಾರ್ತ್ ರೊನಾಲ್ಡ್ಸೆ ಎಂಬ ದ್ವೀಪದಲ್ಲಿ 1832ರಲ್ಲಿ ಊರ ಸುತ್ತ ಕಲ್ಲಿನ ಗೋಡೆ ಕಟ್ಟಿ ಕುರಿಗಳನ್ನು ಕಡಲ ಬದಿಗೆ ಬಿಟ್ಟರು. ಅವು ಈಗಲೂ ಮುಖ್ಯವಾಗಿ ಕಡಲ ಪಾಚಿ ತಿಂದೇ ಬದುಕುತ್ತಿವೆ. ಅವುಗಳ ಹೊಟ್ಟೆಯ ಊರಿನಲ್ಲಿ ಪಾಚಿ ಅರಗಿಸುವವರೇ ಜಾಸ್ತಿ.

ಇಲ್ಲಿಯವರೆಗೆ ಹೇಳಿದ್ದು ಶಕ್ತಿಯ ವಿಷಯ. ಪ್ರೋಟೀನಿನ ವಿಷಯ ಇನ್ನೂ ವಿಚಿತ್ರ.

ನಾವು ಕಡಲೆಹಿಂಡಿ ಹಾಕುತ್ತೇವೆ. ಕುರಿ ಅದರ ಪ್ರೋಟೀನನ್ನು ತಿಂದು ಬೆಳೆಯುತ್ತದೆ ಅಂದುಕೊಳ್ಳುತ್ತೇವೆ. ನಡೆಯುವುದು ಬೇರೆ. ರೂಮೆನ್ನಿನಲ್ಲಿ ಆ ಪ್ರೋಟೀನಿನ ಬಹುಪಾಲು ಒಡೆದು ಅಮೋನಿಯಾ ಆಗುತ್ತದೆ. ಬ್ಯಾಕ್ಟೀರಿಯಾ ಆ ಅಮೋನಿಯಾ ತೆಗೆದುಕೊಂಡು ತಮ್ಮ ಮೈ ಕಟ್ಟಿಕೊಳ್ಳುತ್ತವೆ. ಆಮೇಲೆ ರಸದ ಜೊತೆ ಕೊಚ್ಚಿಕೊಂಡು ಪುಸ್ತಕದ ಕೋಣೆ ದಾಟಿ ನಾಲ್ಕನೇ ಕೋಣೆಗೆ ಬೀಳುತ್ತವೆ. ಅಲ್ಲಿ ಆಮ್ಲ ಕಾದಿದೆ. ಬ್ಯಾಕ್ಟೀರಿಯಾದ ಸಿಪ್ಪೆ ಒಡೆಯುವ ಲೈಸೋಜೈಮ್ ಎಂಬ ಕಿಣ್ವವೂ ಇದೆ. ನಮ್ಮ ಕಣ್ಣೀರಿನಲ್ಲಿ ಇರುವುದೂ ಇದೇ ಜಾತಿಯದು, ಕ್ರಿಮಿ ಕೊಲ್ಲಲು. ಕುರಿ ಅದನ್ನು ಅಡುಗೆಗೆ ಬಳಸಿಕೊಂಡಿದೆ. ಹೀಗೆ ಕುರಿಯ ಸಣ್ಣ ಕರುಳಿಗೆ ಸೇರುವ ಪ್ರೋಟೀನಿನಲ್ಲಿ ಅರ್ಧಕ್ಕಿಂತ ಜಾಸ್ತಿ ಸತ್ತ ಸೂಕ್ಷ್ಮಜೀವಿಗಳದ್ದು. ಮೇಯಿಸಿ, ಕೊಬ್ಬಿಸಿ, ಕೊನೆಗೆ ತಿನ್ನುವುದು. ನಾವು ಕುರಿಗೆ ಮಾಡುವುದನ್ನೇ ಕುರಿ ಅವಕ್ಕೆ ಮಾಡುತ್ತದೆ.

ನಮ್ಮ ಹೊಟ್ಟೆಯಲ್ಲೂ ಬ್ಯಾಕ್ಟೀರಿಯಾ ಬೇಕಾದಷ್ಟಿವೆ. ಆದರೆ ಅವು ಹೆಚ್ಚಾಗಿ ಇರುವುದು ದೊಡ್ಡ ಕರುಳಿನಲ್ಲಿ, ಅಂದರೆ ಹೀರುವ ಜಾಗ ದಾಟಿದ ಮೇಲೆ. ಅವುಗಳ ಮೈ ನಮಗೆ ದಕ್ಕದೆ ಹೊರಗೆ ಹೋಗುತ್ತದೆ. ಮೊಲಕ್ಕೂ ಇದೇ ತೊಂದರೆ. ಅದಕ್ಕೆ ಅದು ತನ್ನ ಮೆತ್ತನೆಯ ಹಿಕ್ಕೆಯನ್ನು ಮತ್ತೆ ತಿನ್ನುತ್ತದೆ. ಕುರಿಗೆ ಆ ಪೇಚಾಟ ಇಲ್ಲ. ತೊಟ್ಟಿ ಮೊದಲು, ಕರುಳು ಆಮೇಲೆ.

ಇನ್ನೂ ಒಂದು ಉಳಿತಾಯ ಇದೆ. ಮೈಯಲ್ಲಿ ಹುಟ್ಟುವ ಯೂರಿಯಾ ನಮ್ಮಲ್ಲಾದರೆ ಹೆಚ್ಚುಕಡಿಮೆ ಮೂತ್ರಕ್ಕೇ ಹೋಗುತ್ತದೆ. ಕುರಿಯಲ್ಲಿ ಅದರ ಒಳ್ಳೆಯ ಪಾಲು ಎಂಜಲಿನ ಮೂಲಕವೂ ರೂಮೆನ್ ಗೋಡೆಯ ಮೂಲಕವೂ ತೊಟ್ಟಿಗೆ ವಾಪಸ್ ಬರುತ್ತದೆ. ಬ್ಯಾಕ್ಟೀರಿಯಾಕ್ಕೆ ಅದೇ ಗೊಬ್ಬರ. ಬೇಸಿಗೆಯಲ್ಲಿ ಒಣಹುಲ್ಲಿನ ಮೇಲೆ ಕುರಿ ಬದುಕುವುದು ಈ ಜಿಪುಣತನದಿಂದ.

ಯೂರಿಯಾ ಅಂದ ಕೂಡಲೇ ತೋಟದವರಿಗೆ ಒಂದು ಮಾತು ಹೇಳಲೇಬೇಕು. ಗೊಬ್ಬರದ ಚೀಲ ಒಡೆದು ಬಿದ್ದಿದ್ದರೆ ಕುರಿ ನೆಕ್ಕುತ್ತದೆ, ಉಪ್ಪು ಅಂದುಕೊಂಡು. ಅಷ್ಟು ಯೂರಿಯಾ ಒಮ್ಮೆಲೇ ಅಮೋನಿಯಾ ಆದರೆ ಬ್ಯಾಕ್ಟೀರಿಯಾಕ್ಕೆ ಮುಗಿಸಲಾಗದು. ಅದು ರಕ್ತಕ್ಕೆ ಹೋಗಿ ಕೆಲವೇ ಗಂಟೆಯಲ್ಲಿ ಕೊಲ್ಲುತ್ತದೆ. ಇದಕ್ಕೆ ಮೊದಲ ಉಪಚಾರ ವಿನೆಗರ್ ಮತ್ತು ತಣ್ಣೀರು. ಹಲಸಿಗೆ ಸೋಡಾ, ಯೂರಿಯಾಕ್ಕೆ ಹುಳಿ. ಅದಲು ಬದಲಾದರೆ ಕುರಿ ಬೇಗ ಹೋಗುತ್ತದೆ. ಕುರಿ ಏನು ತಿಂದಿದೆ ಎಂದು ನೋಡದೆ ಏನನ್ನೂ ಕುಡಿಸಬೇಡಿ, ವೈದ್ಯರನ್ನು ಕರೆಯಿರಿ.

ಲೆಕ್ಕದಲ್ಲಿ ಕೊಟ್ಟರೆ ಅದೇ ಯೂರಿಯಾ ಉಪಕಾರಿ. ನಮ್ಮ ಗದ್ದೆಯ ಭತ್ತದ ಹುಲ್ಲು ನೋಡಲು ರಾಶಿ, ಸತ್ವದಲ್ಲಿ ಬಡವ. ಅದರಲ್ಲಿ ಪ್ರೋಟೀನ್ ಶೇಕಡಾ 3-4. ತೊಟ್ಟಿಯ ಜನ ಚುರುಕಾಗಿ ಕೆಲಸ ಮಾಡಲು ಮೇವಿನಲ್ಲಿ ಶೇಕಡಾ 7 ಆದರೂ ಇರಬೇಕು. ಬರೀ ಭತ್ತದ ಹುಲ್ಲು ಹಾಕಿದ ಕುರಿ ಹೊಟ್ಟೆ ದೊಡ್ಡದಾಗಿಯೂ ಬೆನ್ನು ಚೂಪಾಗಿಯೂ ಇರುವುದು ಇದಕ್ಕೇ. ಹುಲ್ಲು ಒಳಗೆ ಕೂತಿದೆ, ಕರಗಿಸುವವರಿಗೆ ಬಲ ಇಲ್ಲ. 100 ಕೆಜಿ ಹುಲ್ಲಿಗೆ 4 ಕೆಜಿ ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ ಸಮನಾಗಿ ಚಿಮುಕಿಸಿ, ತುಳಿದು, ಟಾರ್ಪಾಲಿನಲ್ಲಿ ಗಾಳಿಯಾಡದಂತೆ ಮುಚ್ಚಿ 21 ದಿನ ಬಿಟ್ಟರೆ ಹುಲ್ಲು ಮೆತ್ತಗಾಗಿ ಅರಗಲು ಸುಲಭವಾಗುತ್ತದೆ. ಹಾಕುವ ಮೊದಲು ಗಾಳಿಗೆ ಹರಡಬೇಕು. ಸಣ್ಣ ಮರಿಗಳಿಗೆ ಬೇಡ. ನಾನು ಇದನ್ನು ಪುತ್ತರಿ ಕಳೆದು ಗದ್ದೆ ಕೆಲಸ ಮುಗಿದ ಮೇಲೆ ಮಾಡುತ್ತೇನೆ. ಮಳೆಗಾಲದಲ್ಲಿ ಮಾಡಲು ಹೋಗಿ ಟಾರ್ಪಾಲು ಸೋರಿ ಬೂಷ್ಟು ಹಿಡಿದ ರಾಶಿಯನ್ನು ಗೊಬ್ಬರದ ಗುಂಡಿಗೆ ಹಾಕಿದ್ದಾಗಿದೆ.

ಇಷ್ಟು ತಾಪತ್ರಯ ಬೇಡ ಅನ್ನುವವರಿಗೆ ಹಾಲುವಾಣ ಇದೆ. ಕಾಫಿ ತೋಟದ ನೆರಳಿಗೆ ಹೇಗೂ ನೆಟ್ಟಿರುತ್ತೇವೆ, ವರ್ಷಕ್ಕೊಮ್ಮೆ ಕೊಂಬೆ ಕಡಿಯುತ್ತೇವೆ. ಅದರ ಸೊಪ್ಪಿನಲ್ಲಿ ಪ್ರೋಟೀನ್ ಚೆನ್ನಾಗಿದೆ. ಭತ್ತದ ಹುಲ್ಲಿನ ಜೊತೆ ಒಂದು ಹೊರೆ ಹಾಲುವಾಣ ಹಾಕಿದರೆ ಆ ಹುಲ್ಲೂ ಮೊದಲಿಗಿಂತ ಚೆನ್ನಾಗಿ ಅರಗುತ್ತದೆ.

ವಿಟಮಿನ್ನುಗಳಲ್ಲಿ ಬಿ ಗುಂಪಿನವನ್ನೂ ಇದೇ ಜೀವಿಗಳು ಮಾಡಿಕೊಡುತ್ತವೆ. ಬಿ12 ಮಾಡಲು ಮಾತ್ರ ಅವಕ್ಕೆ ಚೂರು ಕೋಬಾಲ್ಟ್ ಬೇಕು. ನ್ಯೂಜಿಲೆಂಡ್, ಆಸ್ಟ್ರೇಲಿಯಾದ ಕೆಲವು ಕಡೆ ಹಸಿರು ಹುಲ್ಲಿನ ನಡುವೆಯೇ ಕುರಿಗಳು ಒಣಗಿ ಸಾಯುತ್ತಿದ್ದವು. ಮಣ್ಣಿನಲ್ಲಿ ಕೋಬಾಲ್ಟ್ ಇಲ್ಲ ಎಂದು ತಿಳಿದದ್ದು 1930ರ ದಶಕದಲ್ಲಿ. ಬಿ12 ಎಂಬುದು ಸಿಕ್ಕಿದ್ದೇ 1948ರಲ್ಲಿ. ಬಿ12 ಇಲ್ಲದಿದ್ದರೆ ಕುರಿಗೆ ಪ್ರೊಪಿಯಾನಿಕ್ ಆಮ್ಲವನ್ನು ಗ್ಲೂಕೋಸ್ ಮಾಡಿಕೊಳ್ಳಲು ಆಗದು. ಹೊಟ್ಟೆ ತುಂಬಿದ್ದರೂ ಉಪವಾಸ. ಅಲ್ಲಿ ಈಗಲೂ ಕೋಬಾಲ್ಟಿನ ಭಾರದ ಗುಂಡು ನುಂಗಿಸುವುದುಂಟು. ಅದು ಹೋಗಿ ಕೂರುವುದು ತೊಟ್ಟಿಯಲ್ಲಿ, ಹೆಚ್ಚಾಗಿ ಜೇನುಗೂಡಿನ ಕೋಣೆಯಲ್ಲಿ.

ನನಗೆ ಈ ಇಡೀ ವಿಷಯದಲ್ಲಿ ತುಂಬ ಹಿಡಿಸಿದ ಕತೆ ಸುಬಾಬುಲ್‌ದು. ನಮ್ಮ ಬೇಲಿಗಳಲ್ಲಿ ಬೆಳೆಯುತ್ತದಲ್ಲ, ಅದೇ. ಅದರ ಸೊಪ್ಪಿನಲ್ಲಿ ಮಿಮೋಸಿನ್ ಎಂಬ ವಿಷ ಇದೆ. ಜಾಸ್ತಿ ತಿಂದ ಕುರಿಯ ಉಣ್ಣೆ ಉದುರುತ್ತದೆ. ಮಿಮೋಸಿನ್ ಹೊಟ್ಟೆಯಲ್ಲಿ ಒಡೆದು ಇನ್ನೊಂದು ಪದಾರ್ಥ ಆಗುತ್ತದೆ, ಅದು ಗಳಗಂಡ ತರುತ್ತದೆ. ಆಸ್ಟ್ರೇಲಿಯಾದ ದನಗಳು ಇದನ್ನು ಮೇದು ಕಾಯಿಲೆ ಬೀಳುತ್ತಿದ್ದವು. ಹವಾಯಿ ದ್ವೀಪದ ಆಡುಗಳು ಮಾತ್ರ ಅದೇ ಸೊಪ್ಪು ತಿಂದು ಆರಾಮಾಗಿದ್ದವು. ರೇಮಂಡ್ ಜೋನ್ಸ್ ಎಂಬ ಆಸ್ಟ್ರೇಲಿಯಾದ ವಿಜ್ಞಾನಿಗೆ ಅನುಮಾನ ಬಂತು, ವ್ಯತ್ಯಾಸ ಪ್ರಾಣಿಯಲ್ಲಿ ಅಲ್ಲ, ಹೊಟ್ಟೆಯ ಊರಿನಲ್ಲಿ ಇರಬಹುದು ಅಂತ. 1980ರ ದಶಕದಲ್ಲಿ ಹವಾಯಿಯ ಆಡುಗಳ ಹೊಟ್ಟೆಯ ಬ್ಯಾಕ್ಟೀರಿಯಾ ತಂದು ಆಸ್ಟ್ರೇಲಿಯಾದ ಪ್ರಾಣಿಗಳಿಗೆ ಕೊಟ್ಟರು. ಕಾಯಿಲೆ ನಿಂತಿತು. ಹಿಂಡಿನಲ್ಲಿ ಕೆಲವಕ್ಕೆ ಕೊಟ್ಟರೆ ಸಾಕಾಗಿತ್ತು, ಉಳಿದವಕ್ಕೆ ತಾನಾಗಿ ಹರಡಿತು. ಆ ಬ್ಯಾಕ್ಟೀರಿಯಾಕ್ಕೆ ಸಿನರ್ಜಿಸ್ಟಿಸ್ ಜೋನ್ಸಿಯೈ ಎಂದು ಅವರ ಹೆಸರನ್ನೇ ಇಟ್ಟಿದ್ದಾರೆ. ನಮ್ಮ ಕಡೆ ಕಣಿಲೆಯ, ಅಂದರೆ ಎಳೆ ಬಿದಿರಿನ, ವಿಷ ಹೋಗಲೆಂದು ದಿನಗಟ್ಟಲೆ ನೀರಲ್ಲಿ ಹಾಕಿ ಇಡುತ್ತಾರೆ. ಆ ಆಡುಗಳು ನೆನೆಹಾಕುವ ಪಾತ್ರೆಯನ್ನೇ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದವು. ಇಲ್ಲೂ ಹೆಪ್ಪೇ, ಸ್ವಲ್ಪ ದೂರದಿಂದ ತಂದದ್ದು.

ಮಳೆಗಾಲದ ಎಳೆ ಹುಲ್ಲಿನ ಬಗ್ಗೆಯೂ ಹೇಳಬೇಕು. ಮೊದಲ ಮಳೆ ಬಿದ್ದು ಹದಿನೈದು ದಿನಕ್ಕೆ ಬರುವ ಹುಲ್ಲು ಬರೀ ನೀರು ಮತ್ತು ಸಕ್ಕರೆ, ನಾರು ಕಡಿಮೆ. ಬೇಸಿಗೆಯಿಡೀ ಒಣಹುಲ್ಲಿಗೆ ಹೊಂದಿಕೊಂಡ ಊರಿಗೆ ಇದು ಗಾಬರಿ. ಹಿಕ್ಕೆ ಹಿಕ್ಕೆಯಾಗಿ ಬೀಳುತ್ತಿದ್ದದ್ದು ಸಗಣಿಯಾಗುತ್ತದೆ. ದ್ವಿದಳದ ಎಳೆ ಬಳ್ಳಿ ಜಾಸ್ತಿ ತಿಂದರೆ ಹೊಟ್ಟೆಯಲ್ಲಿ ನೊರೆ ಕಟ್ಟಿ, ತೇಗು ಬರದೆ ಉಬ್ಬರ ಆಗುತ್ತದೆ. ಕರುಳುಬೇನೆ ತರುವ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾ ಆರೋಗ್ಯವಂತ ಕುರಿಯ ಕರುಳಿನಲ್ಲೂ ಸುಮ್ನೆ ಕೂತಿರುತ್ತದೆ. ಅರಗದ ಪಿಷ್ಟ, ಸಕ್ಕರೆ ಕರುಳಿಗೆ ಇಳಿದಾಗ ಎದ್ದು ವಿಷ ಬಿಡುತ್ತದೆ. ಕೊಬ್ಬಿದ ಮರಿಯೇ ರಾತ್ರೋರಾತ್ರಿ ಸಾಯುವುದು ಅದಕ್ಕೇ. ಮಳೆಗೆ ಮೊದಲು ಅದರ ಲಸಿಕೆ ಹಾಕಿಸುವುದು ರೂಢಿ. ನಾನು ಈಗ ಜೂನ್, ಜುಲೈನಲ್ಲಿ ಬೆಳಿಗ್ಗೆ ಕುರಿ ಬಿಡುವ ಮೊದಲು ಒಂದಿಷ್ಟು ಭತ್ತದ ಹುಲ್ಲು ಹಾಕುತ್ತೇನೆ. ಇಬ್ಬನಿ ಆರಿದ ಮೇಲೆ ಬಿಡುತ್ತೇನೆ. ಇಬ್ಬನಿ ಆರುವುದು ಅಂದರೆ, ಕೊಡಗಿನಲ್ಲಿ, ಕೆಲವು ದಿನ ಬಿಡುವುದೇ ಇಲ್ಲ.

ಮೀಥೇನ್ ವಿಚಾರ ಬಾಕಿ ಇದೆ. ಹುದುಗುವಾಗ ಹೈಡ್ರೋಜನ್ ಹುಟ್ಟುತ್ತದೆ. ಅದು ತುಂಬಿಕೊಂಡರೆ ಹುದುಗುವಿಕೆಯೇ ನಿಧಾನ. ಆರ್ಕಿಯಾಗಳು ಅದನ್ನು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿಸಿ ಮೀಥೇನ್ ಮಾಡುತ್ತವೆ. ಕುರಿ ತೇಗಿ ಬಿಡುತ್ತದೆ. ಒಂದು ಕುರಿ ದಿನಕ್ಕೆ ಬಿಡುವುದು ಸುಮಾರು 20 ಗ್ರಾಂ. ತಿಂದ ಶಕ್ತಿಯ ಒಂದು ಪಾಲು ಹೀಗೆ ಗಾಳಿಗೆ ಹೋಗುತ್ತದೆ, ಭೂಮಿಯೂ ಬಿಸಿಯಾಗುತ್ತದೆ. ಬೆಂಗಳೂರಿನ ರಾಷ್ಟ್ರೀಯ ಪ್ರಾಣಿ ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಈ ಮೀಥೇನ್ ತಗ್ಗಿಸಲು ಟ್ಯಾನಿನ್ ಇರುವ ಗಿಡಗಳಿಂದ ‘ಹರಿತ ಧಾರಾ’ ಎಂಬ ಮೇವಿನ ಪುಡಿ ಮಾಡಿದೆ. ಟ್ಯಾನಿನ್ ಅಂದರೆ ನಮ್ಮ ಹಲಸಿನ ಎಲೆಯಲ್ಲಿರುವ ಒಗರು. ನ್ಯೂಜಿಲೆಂಡಿನಲ್ಲಿ ಮೀಥೇನ್ ಕಡಿಮೆ ಬಿಡುವ ಕುರಿಗಳನ್ನೇ ಆರಿಸಿ ತಳಿ ಮಾಡುತ್ತಿದ್ದಾರೆ. ಅವುಗಳ ತೊಟ್ಟಿ ಚಿಕ್ಕದಂತೆ, ಮೇವು ಬೇಗ ಮುಂದೆ ಹೋಗುತ್ತದಂತೆ. ಬೋಟಿ ಪ್ರಿಯರಿಗೆ ಇದು ಒಳ್ಳೆಯ ಸುದ್ದಿ ಅಲ್ಲ.

ಕೊನೆಗೆ ಮರಿಯ ವಿಷಯ. ಹುಟ್ಟಿದ ಮರಿಯ ರೂಮೆನ್ ಒಂದು ಸಣ್ಣ ಖಾಲಿ ಚೀಲ. ಟವೆಲ್ಲಿನ ನಾಲಿಗೆಗಳು ಇನ್ನೂ ಬೆಳೆದಿರುವುದಿಲ್ಲ. ಮರಿ ಹಾಲು ಚೀಪಿದಾಗ ಗಂಟಲ ಕೆಳಗಿನ ಒಂದು ಮಡಿಕೆ ಕೊಳವೆಯ ಹಾಗೆ ಮುಚ್ಚಿಕೊಂಡು ಹಾಲನ್ನು ನೇರ ನಾಲ್ಕನೇ ಕೋಣೆಗೆ ದಾಟಿಸುತ್ತದೆ. ತೊಟ್ಟಿಗೆ ಬಿದ್ದರೆ ಹಾಲು ಅಲ್ಲೇ ಹುಳಿಯಾಗುತ್ತದೆ. ಊರು ಕಟ್ಟುವವರು ಬರುವುದು ತಾಯಿಯಿಂದ. ತಾಯಿ ನೆಕ್ಕುವಾಗ, ಕೆಚ್ಚಲಿನಿಂದ, ತಾಯಿ ಮೆಲುಕು ಹಾಕುತ್ತ ಎಂಜಲು ಬೀಳಿಸಿದ ಹುಲ್ಲಿನಿಂದ, ನೆಲದ ಹಿಕ್ಕೆಯಿಂದ. ಎರಡನೇ ವಾರಕ್ಕೆ ಮರಿ ಎಲೆ ಕಚ್ಚಿ ಆಟ ಶುರು ಮಾಡುತ್ತದೆ. ಆ ಚೂರು ಮೇವು ಹುದುಗಿ ಬ್ಯುಟಿರಿಕ್ ಆಮ್ಲ ಹುಟ್ಟಿದ ಮೇಲೆಯೇ ನಾಲಿಗೆಗಳು ಏಳುವುದು. ಆರರಿಂದ ಎಂಟು ವಾರಕ್ಕೆ ತೊಟ್ಟಿ ಕೆಲಸಕ್ಕೆ ತಯಾರು. ಬರೀ ಹಾಲಿನಲ್ಲೇ ಬೆಳೆಸಿದ ಮರಿ ದಪ್ಪ ಇರುತ್ತದೆ, ಒಳಗೆ ತೊಟ್ಟಿ ಇರುವುದಿಲ್ಲ. ಹಾಲು ಬಿಡಿಸಿದ ವಾರವೇ ಕರಗಿ ಹೋಗುತ್ತದೆ.

ಮೊದಲ ವರ್ಷ ನಾನು ಶುಚಿ ಶುಚಿ ಅಂತ ಮರಿಗಳನ್ನು ಬೇರೆ ಕಟ್ಟಿ, ಹಾಲಿನ ಹೊತ್ತಿಗೆ ಮಾತ್ರ ತಾಯಿ ಹತ್ತಿರ ಬಿಡುತ್ತಿದ್ದೆ. ಈಗ ಕಟ್ಟುವುದಿಲ್ಲ. ಹೆಪ್ಪಿನಿಂದ ಉಳಿದ ಆ ಕುರಿ ಈ ಸಲ ಒಂದೇ ಮರಿ ಹಾಕಿದೆ. ಸಂಜೆ ಅದು ಮಲಗಿ ಮೆಲುಕು ಹಾಕುವಾಗ ಮರಿ ಅದರ ಮೂತಿಗೆ ಮೂತಿ ಇಟ್ಟು, ಬಾಯಿಯಂಚಿನ ಹಸಿರು ನೊರೆ ನೆಕ್ಕುತ್ತ ನಿಂತಿರುತ್ತದೆ.